ಮೂರು ಲಕ್ಷ ಇದ್ದರೆ ಎರಡೂವರೆಯ ಕಾರು ನೋಡಿ

ಓದುಗರ ಪ್ರಶ್ನೆ, ಈ ಸಲ: ಹಳೆ ಕಾರು
ಉತ್ತರ: ಶಿವಮೊಗ್ಗದ ನಿವೃತ್ತ ಮೋಟಾರು ವಿಮಾ ಸರ್ವೇಯರ್

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆ ಮನೆಯಿಂದ 18 ಕಿ.ಮೀ. ದೂರ. ಬೆಳಗಿನ ಬಸ್ಸು ತಪ್ಪಿದರೆ ಆಟೊ ಕೂಡ ಸಿಗುವುದಿಲ್ಲ. ಚೀಟಿ ಎತ್ತಿದ ಹಣವೂ ಸೇರಿ ಕೈಯಲ್ಲಿ 3 ಲಕ್ಷ ಇದೆ. ಎರಡು ಕಾರು ನೋಡಿದ್ದೇವೆ. ಒಂದು 2012ರ ಡೀಸೆಲ್ ಸೆಡಾನ್, 2.90 ಲಕ್ಷ ಹೇಳುತ್ತಿದ್ದಾರೆ. ಈಗಿರುವವರು ಮೂರನೇ ಮಾಲೀಕರು. ಲೆದರ್ ಸೀಟು, ಅಲಾಯ್ ವೀಲ್ ಎಲ್ಲ ಇದೆ. ಇನ್ನೊಂದು 2014ರ ಪೆಟ್ರೋಲ್ ವ್ಯಾಗನ್-ಆರ್, 2.65 ಲಕ್ಷ. ನಿವೃತ್ತ ಬ್ಯಾಂಕ್ ನೌಕರರೊಬ್ಬರದು, ಮೊದಲಿನಿಂದಲೂ ಅವರೇ ಮಾಲೀಕರು. ನಮ್ಮ ಮನೆಯವರಿಗೆ ಸೆಡಾನ್ ಮೇಲೆ ಮನಸ್ಸು. ಮನೆಯಲ್ಲಿ ಮಂಡಿನೋವಿನ ಅತ್ತೆ ಇದ್ದಾರೆ. ಯಾವುದು ತಗೊಳ್ಳಲಿ?
ಶಿಕ್ಷಕಿ, ತರೀಕೆರೆ

ಉತ್ತರ: ಮೇಡಂ, ವ್ಯಾಗನ್-ಆರ್ ನೋಡಿ. ಆದರೆ 2.65ಕ್ಕೆ ಬೇಡ. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಯಜಮಾನರೂ ಇದನ್ನು ಓದಲಿ.

ಕೈಯಲ್ಲಿ ಮೂರು ಲಕ್ಷ ಇದ್ದವರು ಮೂರು ಲಕ್ಷದ ಕಾರನ್ನೇ ಹುಡುಕುತ್ತಾರೆ. ಆಮೇಲೆ ತೊಂದರೆ ಶುರುವಾಗುವುದು ಅಲ್ಲೇ. ಹತ್ತು ಹನ್ನೆರಡು ವರ್ಷದ ಯಾವುದೇ ಕಾರು ಮನೆಗೆ ಬಂದ ಮೊದಲ ಮೂರು ನಾಲ್ಕು ತಿಂಗಳಲ್ಲಿ ಏನಾದರೂ ಕೇಳಿಯೇ ಕೇಳುತ್ತದೆ. ನಾಲ್ಕು ಟೈರಿಗೆ ಅಂದಾಜು ಹದಿಮೂರು ಹದಿನಾಲ್ಕು ಸಾವಿರ, ಬ್ಯಾಟರಿಗೆ ನಾಲ್ಕರಿಂದ ಐದು, ಕ್ಲಚ್ ಸೆಟ್ ಹೋಗಿದ್ದರೆ ಕೂಲಿ ಸೇರಿ ಇನ್ನೊಂದು ಏಳೆಂಟು. ಎಂಜಿನ್ ಆಯಿಲ್, ಫಿಲ್ಟರು, ಕೂಲೆಂಟ್, ಬ್ರೇಕ್ ಪ್ಯಾಡುಗಳನ್ನು ಹಳೆ ಮಾಲೀಕರ ಮಾತು ನಂಬದೆ ಹೊಸದಾಗಿಯೇ ಹಾಕಿಸಬೇಕು. ಹೆಸರು ವರ್ಗಾವಣೆ, ಇನ್ಶೂರೆನ್ಸ್ ಖರ್ಚು ಬೇರೆ. ಇದೆಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಬರುತ್ತದೆ. ಅದನ್ನು ಮೊದಲೇ ತೆಗೆದಿಡಿ. ನಿಮ್ಮದು ಎರಡೂವರೆ ಲಕ್ಷದ ಬಜೆಟ್ ಅಂದುಕೊಂಡೇ ಹೊರಡಿ.

ಸೆಡಾನ್ ವಿಷಯಕ್ಕೆ ಬರೋಣ. ದಿನಕ್ಕೆ 36 ಕಿ.ಮೀ. ಶಾಲೆಯ ಓಡಾಟ, ಅದರ ಮೇಲೆ ಹಬ್ಬ, ಮದುವೆ, ಆಸ್ಪತ್ರೆ ಅಂತ ಸೇರಿಸಿದರೂ ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಆದೀತು. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂದುಕೊಳ್ಳಿ, ಕಾರು 16 ಕಿ.ಮೀ. ಕೊಟ್ಟರೆ ವರ್ಷಕ್ಕೆ ಸುಮಾರು 64 ಸಾವಿರ. ಡೀಸೆಲ್ 91 ರೂಪಾಯಿ ಅಂದುಕೊಳ್ಳಿ, 18 ಕಿ.ಮೀ. ಕೊಟ್ಟರೆ 50 ಸಾವಿರ ಚಿಲ್ಲರೆ. ಉಳಿಯುವುದು ಹದಿನಾಲ್ಕು ಸಾವಿರ. ಹಳೆ ಡೀಸೆಲ್ ಗಾಡಿಯ ಒಂದೇ ಒಂದು ಇಂಜೆಕ್ಟರ್ ಕೈಕೊಟ್ಟರೆ ಆ ವರ್ಷದ ಉಳಿತಾಯ ಪೂರ್ತಿ ಅಲ್ಲಿಗೇ ಹೋಯಿತು. ಟರ್ಬೊ ಹೋದರೆ ಎರಡು ವರ್ಷದ್ದು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸುವವರಿಗೆ ಡೀಸೆಲ್ ಸರಿ, ನಿಮಗಲ್ಲ.

ಇನ್ನೂ ಒಂದಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2012ರ ಕಾರಿಗೆ ಅದು 2027. ಆಗ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಮರುನೋಂದಣಿಯ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ. ಎಫ್‌ಸಿಗೆ ಮುಂಚೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಅದು ಬೇರೆ ಲೆಕ್ಕ. ಮೂರನೇ ಮಾಲೀಕರು ಈ ಹೊತ್ತಲ್ಲಿ ಯಾಕೆ ಮಾರುತ್ತಿದ್ದಾರೆ ಅಂತ ನಾನಂತೂ ಕೇಳುತ್ತೇನೆ. ಲೆದರ್ ಸೀಟನ್ನು ನೋಡಿ ಯಜಮಾನರು ಆ ಪ್ರಶ್ನೆ ಮರೆತಿದ್ದಾರೆ ಅನಿಸುತ್ತದೆ. ಅತ್ತೆಯವರಿಗೂ ಸೆಡಾನ್ ಒಗ್ಗುವುದಿಲ್ಲ. ಅದರಲ್ಲಿ ಕೆಳಗೆ ಕುಸಿದು ಕೂರಬೇಕು, ಏಳುವಾಗ ಭಾರವೆಲ್ಲ ಮಂಡಿಯ ಮೇಲೆ. ವ್ಯಾಗನ್-ಆರ್ ಸೀಟು ಎತ್ತರ, ಬಾಗಿಲೂ ಎತ್ತರ. ಕುರ್ಚಿಯಲ್ಲಿ ಕೂತ ಹಾಗೆ ಕೂತು ಏಳಬಹುದು. ಅವರನ್ನೂ ಕರೆದುಕೊಂಡು ಹೋಗಿ ಕೂರಿಸಿ ನೋಡಿ.

ಬ್ಯಾಂಕಿನವರ ಕಾರು ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ತಗೊಳ್ಳಬೇಡಿ. ನನ್ನ ಕಸುಬಿನಿಂದ ಬಂದ ಒಂದು ಉಪಾಯ ಹೇಳುತ್ತೇನೆ. ಇದನ್ನು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕಾರು ನೋಡುವುದಕ್ಕೂ ಮೊದಲು ಅದರ ಇನ್ಶೂರೆನ್ಸ್ ಪಾಲಿಸಿ ಕೇಳಿ. ಫುಲ್ ಇನ್ಶೂರೆನ್ಸ್ ಆಗಿದ್ದರೆ ಅದರಲ್ಲಿ ನೋ ಕ್ಲೇಮ್ ಬೋನಸ್ ಅಂತ ಒಂದು ಸಾಲು ಇರುತ್ತದೆ, ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಕೊಡುವ ರಿಯಾಯಿತಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಶೇಕಡಾ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಪಾಲಿಸಿಯಲ್ಲಿ 50 ಅಂತ ಇದ್ದರೆ ಕಡೇಪಕ್ಷ ಐದು ವರ್ಷ ಯಾರೂ ಕ್ಲೇಮ್ ಮಾಡಿಲ್ಲ ಅಂತ ಅರ್ಥ. ಸೊನ್ನೆ ಇದ್ದರೆ ಹಿಂದಿನ ವರ್ಷ ಏನೋ ಆಗಿದೆ, ಇಲ್ಲವೇ ಪಾಲಿಸಿ ಮಧ್ಯೆ ಕಟ್ಟದೆ ಬಿಟ್ಟಿದ್ದಾರೆ. ಎರಡರಲ್ಲಿ ಯಾವುದು ಅಂತ ಕೇಳಿ, ಉತ್ತರ ಹೇಳುವಾಗ ಮುಖ ನೋಡಿ. ಬೋನಸ್ ಮಾಲೀಕರದೇ ಹೊರತು ಕಾರಿನದಲ್ಲ. ಅವರ ಹಿಂದಿನ ಕಾರಿನದನ್ನು ಇದಕ್ಕೆ ತಂದಿರಬಹುದು, ಕ್ಲೇಮ್ ಮಾಡದೆ ಕೈಯಿಂದಲೇ ಖರ್ಚು ಮಾಡಿ ರಿಪೇರಿ ಮಾಡಿಸಿರಲೂಬಹುದು. ಹಾಗಾಗಿ ಈ ಒಂದು ಸಾಲಿನಿಂದಲೇ ತೀರ್ಮಾನ ಬೇಡ. ಆದರೆ ಒಬ್ಬರೇ ಮಾಲೀಕರ ಬಳಿ ಹತ್ತು ವರ್ಷಕ್ಕೂ ಮೇಲೆ ಇದ್ದ ಕಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

ಅದೇ ಪಾಲಿಸಿಯಲ್ಲಿ ಐಡಿವಿ ಅಂತ ಇನ್ನೊಂದು ಅಂಕಿ ಇದೆ. ಕಾರು ಪೂರ್ತಿ ನಾಶವಾದರೆ ಕಂಪನಿ ಎಷ್ಟು ಕೊಡುತ್ತದೆ ಅನ್ನುವ ಮೊತ್ತ. ಐದು ವರ್ಷದೊಳಗಿನ ಕಾರಿಗೆ ಇದರ ಲೆಕ್ಕ ನಿಗದಿಯಾಗಿದೆ, ನಾಲ್ಕು ದಾಟಿ ಐದನೇ ವರ್ಷದಲ್ಲಿದ್ದರೆ ಅರ್ಧ ಬೆಲೆ ಕಳೆಯುತ್ತಾರೆ. ಅದಕ್ಕಿಂತ ಹಳೆಯದಕ್ಕೆ ಮಾಲೀಕರೂ ಕಂಪನಿಯೂ ಒಪ್ಪಿ ಇಟ್ಟ ಅಂಕಿ. ಮಾಲೀಕರು ತಾವೇ ಒಪ್ಪಿ ಸಹಿ ಮಾಡಿದ ಐಡಿವಿ 1.70 ಲಕ್ಷ ಅಂತಿದ್ದು, ನಿಮ್ಮ ಹತ್ತಿರ 2.65 ಕೇಳಿದರೆ ಆ ಪಾಲಿಸಿಯನ್ನೇ ಮೇಜಿನ ಮೇಲಿಟ್ಟು ಚೌಕಾಶಿ ಶುರು ಮಾಡಿ. ಪೇಟೆ ಬೆಲೆ ಐಡಿವಿಗಿಂತ ಹೆಚ್ಚಿರುವುದು ಸಹಜ. ಆದರೂ ಬ್ಯಾಂಕಿನಲ್ಲಿದ್ದವರಿಗೆ ಕಾಗದದ ಮೇಲಿನ ಅಂಕಿ ಬೇಗ ನಾಟುತ್ತದೆ.

ಚೌಕಾಶಿಗೆ ಇನ್ನೊಂದು ಆಧಾರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು, ಸೆಸ್ ಕೂಡ ಹೋಯಿತು. ಆಗ ಮಾರುತಿಯ ಹೊಸ ಎಸ್-ಪ್ರೆಸ್ಸೊ ಕಾರಿನ ಕೆಳಗಿನ ಮಾದರಿಯ ಶೋರೂಂ ಬೆಲೆ ಮೂರೂವರೆ ಲಕ್ಷಕ್ಕೆ, ಆಲ್ಟೊ ಕೆ10ದು 3.70 ಲಕ್ಷಕ್ಕೆ ಬಂತು. ತೆರಿಗೆ, ಇನ್ಶೂರೆನ್ಸ್ ಸೇರಿ ರಸ್ತೆಗೆ ಬರುವಾಗ ಜಾಸ್ತಿಯೇ ಆಗುತ್ತದೆ, ನಿಜ. ಆದರೆ ಹೊಸದರ ಬೆಲೆ ಇಳಿದಾಗ ಹಳೆಯದರದು ಹಿಂದಿನಂತೆಯೇ ಇರಬೇಕು ಅಂದರೆ ಯಾರು ಕೇಳುತ್ತಾರೆ? 2.40ರಿಂದ ಮಾತು ಶುರುಮಾಡಿ.

ಈಗ ಕಾರಿನ ಹತ್ತಿರ ಹೋಗೋಣ. ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಬೇಕು. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ದಾರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಸೈಲೆನ್ಸರ್ ಕಡೆ ಒಬ್ಬರು ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಚಳಿಗಾಲದ ಬೆಳಗ್ಗೆ ಎರಡು ನಿಮಿಷ ಬರುವ ಹಬೆ ಲೆಕ್ಕಕ್ಕಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಎಂದು ಹೊಗೆ ಉಗುಳಿದರೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಪಿಸ್ಟನ್ ರಿಂಗ್ ಸವೆದಿದೆ. ಅಲ್ಲಿಗೆ ಚಾ ಕುಡಿದು ವಾಪಸ್ಸು ಬನ್ನಿ.

ಆಕ್ಸಿಡೆಂಟ್ ಆಗಿದೆಯೇ ಅನ್ನುವುದನ್ನು ಬಣ್ಣ ನೋಡಿ ಹೇಳಬೇಡಿ, ಬೋಲ್ಟ್ ನೋಡಿ ಹೇಳಿ. ಬಾನೆಟ್ ಕೀಲು ಮತ್ತು ಮುಂದಿನ ಫೆಂಡರಿನ ಬೋಲ್ಟುಗಳ ಮೇಲೆ ಕಂಪನಿಯ ಪೇಂಟ್ ಇರುತ್ತದೆ. ಸ್ಪ್ಯಾನರ್ ಹಾಕಿದ್ದರೆ ಮೂಲೆಯಲ್ಲಿ ಪೇಂಟ್ ಎದ್ದಿರುತ್ತದೆ. ಫೆಂಡರ್ ಬದಲಾದರೆ ಅಂಥ ದೊಡ್ಡ ವಿಷಯವಲ್ಲ, ನಮ್ಮ ಊರ ರಸ್ತೆಯಲ್ಲಿ ಎಲ್ಲ ಕಾರಿಗೂ ಅಷ್ಟಿಷ್ಟು ಗೀರು ಆಗಿರುತ್ತದೆ. ಆದರೆ ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಕೆಳಗಿನ ತಗಡು ನೋಡಿ. ಅಲ್ಲಿ ಒಂದೇ ಅಂತರದಲ್ಲಿ ಸಣ್ಣ ಗುಂಡನೆಯ ವೆಲ್ಡಿಂಗ್ ಗುರುತುಗಳು ಸಾಲಾಗಿರಬೇಕು. ಆ ಸಾಲು ಎಲ್ಲಾದರೂ ಮಾಯವಾಗಿ ಪುಟ್ಟಿ ಮೆತ್ತಿದಂತೆ ಕಂಡರೆ ಬಾಗಿಲು ಕೂರುವ ಕಂಬವನ್ನೇ ಕತ್ತರಿಸಿ ಜೋಡಿಸಿದ್ದಾರೆ. ಅಂಥ ಕಾರು ಒಂದು ಲಕ್ಷಕ್ಕೆ ಕೊಟ್ಟರೂ ಬೇಡ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಿಪೇರಿ ಖರ್ಚು ಐಡಿವಿಯ 75 ಶೇಕಡಾ ದಾಟಿದರೆ ನಾವು ಸರ್ವೇಯರುಗಳು ಟೋಟಲ್ ಲಾಸ್ ಅಂತ ಬರೆಯುತ್ತಿದ್ದೆವು. ಬರೆದ ಮೇಲೆ ಆ ಕಾರು ಮಣ್ಣಾಗುವುದಿಲ್ಲ. ಗುಜರಿಯ ಬೆಲೆಗೆ ಯಾರೋ ಕೊಳ್ಳುತ್ತಾರೆ, ಎಲ್ಲೋ ಕಟ್ಟಿ ನಿಲ್ಲಿಸುತ್ತಾರೆ, ಅದು ಹೊಳೆಯುವ ಬಣ್ಣದಲ್ಲಿ ಮತ್ತೆ ಪೇಟೆಗೆ ಬರುತ್ತದೆ. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ನಿಮ್ಮ ಮನೆಯವರನ್ನು ಕೂರಿಸಿಕೊಂಡು ಓಡಾಡುವುದಕ್ಕೆ ಮಾತ್ರ ಅದು ಬೇಡ.

ಓಡಿಸಿ ನೋಡುವಾಗ ಏಸಿ ಹಾಕಿಕೊಂಡೇ ಓಡಿಸಿ. ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಡಿ, ಎಂಜಿನ್ ಒಮ್ಮೆಲೇ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ, ಬೆಲೆಯಲ್ಲಿ ಎಂಟು ಸಾವಿರ ಇಳಿಸಿ. ಆ ವ್ಯಾಗನ್-ಆರ್ ಎಂಜಿನ್ನಿಗೆ ಟೈಮಿಂಗ್ ಚೈನ್ ಇದೆ, ಬೆಲ್ಟ್ ಬದಲಿಸುವ ಗೋಜಿಲ್ಲ. ಹಳೆ ಆಲ್ಟೊ 800, ಸ್ಯಾಂಟ್ರೊ, 1.1 ಲೀಟರಿನ ಐ10 ನೋಡುವವರು ಮಾತ್ರ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಬಿಲ್ ಕೇಳಬೇಕು.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಚಾಲಕರಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕೆ ಮುಂಚಿನ ಸಣ್ಣ ಕಾರುಗಳ ಕೆಳಗಿನ ಮಾದರಿಗಳಲ್ಲಿ ಹೆಚ್ಚಾಗಿ ಏರ್‌ಬ್ಯಾಗ್ ಇರುತ್ತಿರಲಿಲ್ಲ. ನೀವು ನೋಡಿದ ಕಾರಿನಲ್ಲಿ ಇದೆಯೇ ಕೇಳಿ. ಇಲ್ಲದಿದ್ದರೆ ಹಿಂದಿನ ಸೀಟಿನವರೂ ಬೆಲ್ಟ್ ಹಾಕುವುದು, ಹೆದ್ದಾರಿಯಲ್ಲಿ ಎಂಬತ್ತು ದಾಟದಿರುವುದು ನಿಮ್ಮ ಕೈಯಲ್ಲಿದೆ.

ನೋಡಲು ಮೆಕ್ಯಾನಿಕ್ ಕರೆದುಕೊಂಡು ಹೋಗುವುದಾದರೆ ಅವರಿಗೆ ಸಾವಿರ ರೂಪಾಯಿ ನೀವೇ ಕೊಡಿ, ಹೊರಡುವ ಮೊದಲೇ ಕೊಡಿ. ನೀವು ಕೊಡದಿದ್ದರೆ ಮಾರುವವರು ಕೊಡುತ್ತಾರೆ.

ಪ್ರಶ್ನೆ: ದೆಹಲಿಯಿಂದ ತಂದ ಒಂಬತ್ತು ವರ್ಷದ ಡೀಸೆಲ್ ಎಸ್‌ಯುವಿಯನ್ನು ನಮ್ಮ ಊರಿನ ಬ್ರೋಕರ್ ಐದೂವರೆ ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇಲ್ಲಿ ಅದೇ ಗಾಡಿಗೆ ಎಂಟು ಲಕ್ಷ ಇದೆ. ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆ, ಸ್ವಲ್ಪ ದಿನ ದೆಹಲಿಯ ಡಿಎಲ್ ನಂಬರಿನಲ್ಲೇ ಓಡಿಸಿ ಅಂತಾರೆ. ತಗೊಳ್ಳಬಹುದಾ?
ಕಿರಾಣಿ ವ್ಯಾಪಾರಿ, ಕಲಬುರಗಿ

ಉತ್ತರ: ಅಲ್ಲಿ ಅಗ್ಗ ಯಾಕೆ ಅಂದರೆ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಸ್ವಲ್ಪ ಸಡಿಲಿಸಿತು. ಆ ನಿಷೇಧದಿಂದಾಗಿ ಒಂಬತ್ತನೇ ವರ್ಷ ಬಂದ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಸಾಲುಗಟ್ಟಿ ಬರತೊಡಗಿದವು. ಬೆಲೆ ಕಡಿಮೆ ಇದ್ದಕೂಡಲೇ ಗಾಡಿಯಲ್ಲೇ ದೋಷ ಇದೆ ಅಂತಲ್ಲ.

ಆದರೆ ಬ್ರೋಕರ್ ಹೇಳದ ಲೆಕ್ಕ ಇಲ್ಲಿದೆ. ಹೊರರಾಜ್ಯದ ಗಾಡಿ ಕರ್ನಾಟಕದಲ್ಲಿ ವರ್ಷಕ್ಕಿಂತ ಹೆಚ್ಚು ಇದ್ದರೆ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ರಾಜ್ಯದ ತೆರಿಗೆ ದೇಶದಲ್ಲೇ ಭಾರಿ ಅನ್ನುವಂಥವುಗಳ ಸಾಲಿನಲ್ಲಿದೆ. ಹೊಸ ಕಾರಿಗೆ ಹತ್ತರಿಂದ ಇಪ್ಪತ್ತು ಲಕ್ಷದ ನಡುವೆ 17 ಶೇಕಡಾ, ಅದರ ಮೇಲೆ ಸೆಸ್. ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಐದೂವರೆ ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಆರ್‌ಸಿ ನಕಲು ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ, ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ. ಬ್ರೋಕರ್ ಬಾಯಿಮಾತಿನ ಲೆಕ್ಕ ಬೇಡ. ದೆಹಲಿಯಲ್ಲಿ ಕಟ್ಟಿದ ತೆರಿಗೆ ವಾಪಸ್ಸು ಸಿಗುತ್ತದೆ ಅಂತಲೂ ಅವರು ಹೇಳಬಹುದು. ಅದಕ್ಕೆ ಅಲ್ಲಿನ ಹಳೆ ಮಾಲೀಕರ ಸಹಿ, ಓಡಾಟ ಎಲ್ಲ ಬೇಕು. ಆ ಹಣವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ಸಾಲದ ಎಚ್‌ಪಿ (ಗಾಡಿಯ ಮೇಲೆ ಸಾಲ ಕೊಟ್ಟವರ ಹಕ್ಕು) ಇನ್ನೂ ಇದೆಯೇ, ಎನ್‌ಒಸಿ ನಿಮ್ಮ ಆರ್‌ಟಿಒ ಹೆಸರಿಗೇ ಇದೆಯೇ, ಚಲನ್ ಬಾಕಿ ಎಷ್ಟು, ಎಲ್ಲ ಸಿಗುತ್ತದೆ. ಛಾಸಿ ಮೇಲೆ ಕೆತ್ತಿದ ನಂಬರನ್ನು ಆರ್‌ಸಿ ಜತೆ ಅಂಕಿ ಅಂಕಿ ಹೋಲಿಸಿ. ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತಿದ್ದರೆ ಮುಂದಿನ ಮಾತೇ ಬೇಡ. ಡಿಎಲ್ ನಂಬರಿನಲ್ಲೇ ಸ್ವಲ್ಪ ದಿನ ಓಡಿಸಿ ಅಂದರಲ್ಲ, ಆ ಸ್ವಲ್ಪ ದಿನದಲ್ಲಿ ಅಪಘಾತವಾದರೆ ಕಾಗದದ ಮೇಲೆ ಮಾಲೀಕರು ದೆಹಲಿಯಲ್ಲಿರುವ ಯಾರೋ, ಸ್ಟೇರಿಂಗ್ ಹಿಡಿದವರು ನೀವು.

ತೆರಿಗೆ ಕಟ್ಟಿ, ಕೆಎ-32 ನಂಬರು ಬಂದ ಮೇಲೂ ಒಂದು ಲಕ್ಷ ಉಳಿಯುತ್ತದೆ ಅಂತಾದರೆ ಯೋಚಿಸಿ. ನನ್ನ ಲೆಕ್ಕದಲ್ಲಿ ಅಷ್ಟು ಉಳಿಯುವುದು ಅಪರೂಪ.

ಪ್ರಶ್ನೆ: 2013ರ ಕಾರು, ಮೀಟರಿನಲ್ಲಿ 41,000 ಕಿ.ಮೀ. ಮಾತ್ರ ಇದೆ. ನಂಬಬಹುದೇ?
ವಿದ್ಯುತ್ ಗುತ್ತಿಗೆದಾರ, ಹಾವೇರಿ

ಉತ್ತರ: ಮೀಟರನ್ನು ನಂಬಬೇಡಿ, ಕ್ಲಚ್ ಪೆಡಲಿನ ರಬ್ಬರನ್ನು ನಂಬಿ. 41 ಸಾವಿರಕ್ಕೆ ಅದರ ಗೆರೆಗಳು ಅಳಿಸಿಹೋಗುವುದಿಲ್ಲ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಸ್ಟೇರಿಂಗಿನ ಮೇಲ್ಭಾಗ, ಗೇರ್ ನಾಬ್ ಇವೂ ಸುಳ್ಳು ಹೇಳುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತಾರೆ. 2318 ಅಂದರೆ 2018ರ 23ನೇ ವಾರದ ಟೈರು. 41 ಸಾವಿರ ಓಡಿದ ಕಾರು ಟೈರನ್ನು ಎರಡು ಸಲ ಬದಲಿಸಿರುವುದು ಕಷ್ಟ. ಹಾಗೆಯೇ ಎಲ್ಲ ಕಿಟಕಿ ಗಾಜುಗಳ ಮೂಲೆಯಲ್ಲೂ ವರ್ಷದ ಗುರುತಿರುತ್ತದೆ, ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಆ ಬದಿಯನ್ನು ಚೆನ್ನಾಗಿ ನೋಡಿ. ಕಂಪನಿ ಸರ್ವಿಸ್ ಸೆಂಟರಿಗೆ ಮಾಲೀಕರನ್ನೇ ಕರೆದೊಯ್ದು ಹಳೆ ಸರ್ವಿಸ್ ದಾಖಲೆ ತೆಗೆಸಿ. 2017ರಲ್ಲೇ 68 ಸಾವಿರ ಅಂತ ಬರೆದಿದ್ದರೆ ಮಾತು ಮುಗಿಯಿತು.

ಇನ್ನೊಂದು. ಮೀಟರ್ ನಿಜವೇ ಆಗಿದ್ದರೂ ಹನ್ನೆರಡು ವರ್ಷ ಬರೀ ಷೆಡ್ಡಿನಲ್ಲಿ ನಿಂತ ಕಾರು ಚಿನ್ನವಲ್ಲ. ರಬ್ಬರ್ ಹೋಸುಗಳು ಒಣಗಿ ಬಿರಿಯುತ್ತವೆ, ಇಲಿ ವೈರ್ ಕಡಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆಂದೇ ತಯಾರಾದ ಭಾಗಗಳು ಬಂದಿದ್ದು 2023ರ ಏಪ್ರಿಲ್ ನಂತರದ ಕಾರುಗಳಲ್ಲಿ. ಹಳೆ ಕಾರಿನ ಪೆಟ್ರೋಲ್ ಪೈಪುಗಳನ್ನು ಒಮ್ಮೆ ಬದಲಿಸಿ ನಿಶ್ಚಿಂತೆಯಾಗಿರಿ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು ‘ಕರಾವಳಿಯ ಕಾರು, ಬೆಂಗಳೂರಿನ ಮಳೆಯಲ್ಲಿ ಮುಳುಗಿದ ಕಾರು ಎರಡೂ ಬೇಡ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಿರಿ. ನಾನು ಮಂಗಳೂರಿನವನು, ನನ್ನ ಕಾರು ಮಾರಬೇಕು. ಇದು ನ್ಯಾಯವೇ?
ಓದುಗರು, ಸುರತ್ಕಲ್

ಉತ್ತರ: ನಿಮ್ಮ ಕೋಪ ಸರಿ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಉಪ್ಪುಗಾಳಿಯಿಂದ ಬರುವ ತುಕ್ಕು ಕಣ್ಣಿಗೆ ಕಾಣುತ್ತದೆ. ಕೆಎ-19, ಕೆಎ-20 ನಂಬರಿನ ಕಾರನ್ನು ಲಿಫ್ಟಿಗೆ ಎತ್ತಿಸಿ ಕೆಳಗೆ ನೋಡಿದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸೈಲೆನ್ಸರ್, ಬ್ರೇಕ್ ಪೈಪು, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂರುವ ಜಾಗ, ಇಷ್ಟು ನೋಡಿದರೆ ಸಾಕು. ಮೇಲ್ಮೈ ತುಕ್ಕಾದರೆ ಉಜ್ಜಿ ಬಳಿಯಬಹುದು. ಸ್ಕ್ರೂಡ್ರೈವರಿನಲ್ಲಿ ತಟ್ಟಿದಾಗ ಪುಡಿ ಉದುರಿದರೆ ಬೇಡ. ನೀವು ಆಂಟಿ-ರಸ್ಟ್ ಮಾಡಿಸಿ ಬಿಲ್ ಇಟ್ಟುಕೊಂಡಿದ್ದರೆ ಆ ಬಿಲ್ಲನ್ನು ಮೊದಲೇ ತೋರಿಸಿ, ನಿಮ್ಮ ಕಾರಿಗೆ ಒಳ್ಳೆಯ ಬೆಲೆಯೇ ಬರುತ್ತದೆ. ಅಂದಹಾಗೆ ನಮ್ಮ ಆಗುಂಬೆ, ತೀರ್ಥಹಳ್ಳಿ ಕಡೆಯ ಕಾರುಗಳೂ ಕೆಳಗೆ ನೋಡಲು ಅಂಥ ಚೆಂದವಿರುವುದಿಲ್ಲ.

ಮುಳುಗಿದ ಕಾರಿನ ಕತೆ ಹಾಗಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆ ಕಡೆ ನೆಲಮಾಳಿಗೆಯಲ್ಲಿ ನಿಂತ ಕಾರುಗಳು ನೀರಲ್ಲಿ ಕೂತವು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯೂ ಹಾಗೇ ಆಯಿತು. ಒಣಗಿಸಿ ತೊಳೆದ ಮೇಲೆ ಹೊರಗೆ ಏನೂ ಕಾಣದು. ಒಳಗೆ ವೈರಿಂಗ್ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಒಂದು ವರ್ಷ ಬಿಟ್ಟು ಒಂದೊಂದೇ ತೊಂದರೆ. ಯಾವ ಗ್ಯಾರೇಜಿನಲ್ಲೂ ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ. ಪತ್ತೆ ಹಚ್ಚಲು ಸೀಟ್ ಬೆಲ್ಟನ್ನು ಕಡೆಯವರೆಗೂ ಎಳೆಯಿರಿ. ಕಾರು ತೊಳೆಯುವವರು ಬೆಲ್ಟಿನ ತುದಿ ಮರೆಯುತ್ತಾರೆ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟು ಜಾರುವ ಹಳಿಯ ಬೋಲ್ಟಿಗೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಮರಳು, ಹೆಡ್‌ಲೈಟಿನೊಳಗೆ ಮಂಜು, ಮತ್ತೆ ಒಳಗೆ ಕಾಲಿಟ್ಟ ಕೂಡಲೇ ಗಮ್ಮೆನ್ನುವ ಸೆಂಟು. ಸೆಂಟು ಜೋರಾದಷ್ಟೂ ನನಗೆ ಅನುಮಾನ ಜೋರಾಗುತ್ತದೆ.

ಪ್ರಶ್ನೆ: ಎಡಗಾಲಿಗೆ ಆಪರೇಷನ್ ಆಗಿದೆ, ಕ್ಲಚ್ ತುಳಿಯಲಾಗುವುದಿಲ್ಲ. ನಾಲ್ಕು ಲಕ್ಷದೊಳಗೆ ಆಟೊಮ್ಯಾಟಿಕ್ ಕಾರು?
ನಿವೃತ್ತ ಅಂಚೆ ನೌಕರ, ಧಾರವಾಡ

ಉತ್ತರ: ಯಜಮಾನರೇ, ಈ ಬೆಲೆಗೆ ಸಿಗುವುದು ಹೆಚ್ಚಾಗಿ ಎಎಂಟಿ. 2014ರಲ್ಲಿ ಸೆಲೆರಿಯೊ ಜತೆ ನಮ್ಮಲ್ಲಿಗೆ ಬಂತು. ಒಳಗಿರುವುದು ಅದೇ ಮಾಮೂಲಿ ಗೇರ್ ಬಾಕ್ಸು, ಅದೇ ಕ್ಲಚ್ ಪ್ಲೇಟು. ಕಾಲಿನ ಬದಲು ಒಂದು ಯಂತ್ರ ತುಳಿಯುತ್ತದೆ, ಅಷ್ಟೇ. ಆ ಯಂತ್ರ ಕೆಟ್ಟರೆ ಖರ್ಚು ದೊಡ್ಡದು. ಹಾಗಾಗಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿದ್ದಕ್ಕಿಂತ ಹುಬ್ಬಳ್ಳಿ, ದಾವಣಗೆರೆ, ಹೊಸಪೇಟೆಯಂಥ ಊರಲ್ಲಿ ಓಡಿದ್ದನ್ನು ಹುಡುಕಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ತೀರಾ ಹಿಂದಕ್ಕೆ ಜಾರಿದರೆ, ನಡುಗಿದರೆ, ಸುಟ್ಟ ವಾಸನೆ ಬಂದರೆ ಬೇಡ. ನಿಮ್ಮ ಮಗನೋ ಮಗಳೋ ಓಡಿಸಿ ನೋಡಿದರೆ ಸಾಲದು, ನೀವೇ ಅರ್ಧ ಗಂಟೆ ಓಡಿಸಬೇಕು. ಅದರ ಗೇರು ಬೀಳುವ ತಡ ಕೆಲವರಿಗೆ ಒಗ್ಗುವುದೇ ಇಲ್ಲ.

ಪ್ರಶ್ನೆ: ಶುಕ್ರವಾರ ಅಮಾವಾಸ್ಯೆ ಬಂದಿದೆ, ಅಂದು ಕಾರು ನೋಡಲು ಹೋಗಬಹುದೇ?
ಗೃಹಿಣಿ, ಚನ್ನಪಟ್ಟಣ

ಉತ್ತರ: ಅಮಾವಾಸ್ಯೆಯ ವಿಷಯ ಮನೆಯ ಹಿರಿಯರನ್ನು ಕೇಳಿ. ಮಳೆ ಬರುವಾಗ ಮತ್ತು ಸಂಜೆ ಟ್ಯೂಬ್‌ಲೈಟಿನ ಕೆಳಗೆ ಮಾತ್ರ ಹೋಗಬೇಡಿ. ಒದ್ದೆಯಾದ ಬಣ್ಣದ ಮೇಲೆ ಪುಟ್ಟಿಯ ಅಲೆ ಕಾಣುವುದಿಲ್ಲ.

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಹಳೆ ಕಾರನ್ನು ಒಬ್ಬರಿಗೆ ಮಾರಿದೆ. ಹಣ ಪೂರ್ತಿ ಕೊಟ್ಟರು, ಹೆಸರು ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟೆ. ಅವರು ಹೆಸರು ಬದಲಿಸಿಲ್ಲ. ಈಗ ನನ್ನ ಮೊಬೈಲಿಗೆ ಸಿಗ್ನಲ್ ಜಂಪ್ ದಂಡದ ಮೆಸೇಜ್ ಬರುತ್ತಿದೆ. ಏನು ಮಾಡಲಿ?
ಜವಳಿ ಅಂಗಡಿ ಮಾಲೀಕ, ದಾವಣಗೆರೆ

ಉತ್ತರ: ದಂಡ ಚಿಕ್ಕ ವಿಷಯ. ಆ ಕಾರು ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸಿನಲ್ಲಿ ನಿಮ್ಮ ಹೆಸರು ಬರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲೂ ಕಾರು ಕೈಯಿಂದ ಕೈಗೆ ಹೋಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಕೊಂಡವರು ಇನ್ಶೂರೆನ್ಸ್ ಕಟ್ಟದೆ ಬಿಟ್ಟಿದ್ದರೆ ನಿಮ್ಮ ಅಂಗಡಿಯ ತನಕ ನೋಟಿಸು ಬರಬಹುದು.

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಇದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಇದು ನಿಮ್ಮ ಹೊಣೆ. ತಡವಾದರೂ ಈಗಲೇ ತಿಳಿಸಿ. ಹಣ ಬಂದ ಬ್ಯಾಂಕ್ ದಾಖಲೆ, ಕೊಂಡವರ ಗುರುತಿನ ಚೀಟಿಯ ನಕಲು, ಮಾರಾಟದ ಕರಾರು ಏನಿದೆಯೋ ಅದೆಲ್ಲ ಜೋಡಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ಕೊಂಡವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಇನ್ನೊಂದನ್ನು ವಿಮಾ ಕಂಪನಿಗೆ. ಪಾಲಿಸಿಯಲ್ಲಿದ್ದ ನಿಮ್ಮ ನೋ ಕ್ಲೇಮ್ ಬೋನಸ್ಸನ್ನು ಪ್ರಮಾಣಪತ್ರವಾಗಿ ಬರೆಸಿಕೊಳ್ಳುವುದನ್ನೂ ಮರೆಯಬೇಡಿ. ಅದು ನಿಮ್ಮದು, ಮುಂದಿನ ಕಾರಿಗೆ ಬರುತ್ತದೆ. ಇದಾದ ಮೇಲೂ ಅವರು ಜಗ್ಗದಿದ್ದರೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ.

ಮುಂದೆ ಮಾರುವವರಿಗೆ: ಡೀಲರಿಗೆ ಕೊಡುವುದಾದರೆ ಅಧಿಕೃತ ನೋಂದಣಿ ಇರುವವರಿಗೇ ಕೊಡಿ. 2023ರ ಏಪ್ರಿಲ್‌ನಿಂದ ಅಂಥ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲೇ ದಾಖಲಿಸುವ ವ್ಯವಸ್ಥೆ ಇದೆ. ಖಾಸಗಿಯವರಿಗಾದರೆ ಕೊನೆಯ ಹತ್ತು ಸಾವಿರ ರೂಪಾಯಿಯನ್ನು ಹೆಸರು ಬದಲಾದ ದಿನ ಪಡೆಯುವುದಕ್ಕಿಂತ, ಅವರನ್ನೇ ಜತೆಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದ ಮೇಲೆ ಕೀಲಿ ಕೊಡುವುದು ಮೇಲು. ಫಾರಂ 29, 30ರಲ್ಲಿ ಕೊಳ್ಳುವವರ ಹೆಸರು, ತಾರೀಖು, ಸಮಯ ತುಂಬದೆ ಸಹಿ ಹಾಕಬೇಡಿ. ಬ್ರೋಕರ್ ‘ಖಾಲಿ ಇರಲಿ ಸಾರ್, ಆಮೇಲೆ ತುಂಬ್ಕೋತೀವಿ’ ಅಂದರೆ ಪೆನ್ನನ್ನು ಜೇಬಿಗೆ ಹಾಕಿಕೊಳ್ಳಿ.